ಏರೋಪ್ಲೇನ್ ಚಿಟ್ಟೆ ನೀರಿಗೆ ಬಾಲ ತಾಗಿಸುವುದೇಕೆ?

ಜಗತ್ತು ಆಗತಾನೇ ಸಾರಿಸಿದ ನೆಲದ ಹಾಗೆ ಹಸಿಹಸಿಯಾಗಿದ್ದ ಕಾಲ ಅದು. ಯಾರು ಎಲ್ಲಿ ಕಾಲಿಟ್ಟರೂ ಹೆಜ್ಜೆ ಮೂಡುತ್ತಿತ್ತು. ಆಗ ನೆಲ ಅಕ್ಕ, ಹೊಳೆ ತಂಗಿ. ಇಬ್ಬರದೂ ಒಂದೇ ಮನೆ, ಒಂದೇ ಒಲೆ.

ದಿನಾ ಬೆಳಿಗ್ಗೆ ಅವರ ಸೋದರಮಾವ ಸೂರ್ಯ ಬರುತ್ತಿದ್ದ. ಹೆಗಲ ಮೇಲಿನ ಗಂಟು ಬಿಚ್ಚಿ, ಅದರಲ್ಲಿದ್ದ ಕಸುವನ್ನೆಲ್ಲ ಸುರಿದು, ಸಂಜೆ ಬರಿಗೈಯಲ್ಲಿ ಹೊರಟುಹೋಗುತ್ತಿದ್ದ. ಹೊಳೆಯ ಮೇಲೆಲ್ಲ ಅತ್ತಿ, ಹೊಂಗೆ ಮರಗಳ ನೆರಳು. ಹಾಗಾಗಿ ಗಂಟಿನ ಬಹುಪಾಲು ಎಲೆಗಳಿಗೇ ಸಿಗುತ್ತಿತ್ತು.

ಕಸುವು ಅಂದರೇನು ಅಂತೀಯಾ ಕೂಸೇ? ಮುದ್ದೆ ತಿಂದು ಬೀದಿ ತುಂಬ ಓಡುತ್ತೀಯಲ್ಲ, ನಿನ್ನನ್ನು ಓಡಿಸುವುದೇ ಅದು. ಸುಮ್ಮನೆ ಕೇಳು, ನಡುವೆ ಬಾಯಿ ಹಾಕಬೇಡ.

ಒಂದು ದಿನ ಅಕ್ಕ ತಂಗಿಗೆ ಜಗಳ ಬಂತು.

"ಅಕ್ಕಾ, ನಿನ್ ಮರದ ಕಸ ದಿನಾ ನನ್ ಮುಖದ್ ಮ್ಯಾಲೆ ಬೀಳ್ತದೆ!" ಅಂದಳು ಹೊಳೆ.

"ನಿನ್ ಹುಳಗಳ ಕಾಟ ಏನ್ ಕಮ್ಮಿನಾ? ರೆಕ್ಕೆ ಬಂದ ಕೂಡ್ಲೇ ನನ್ ಅಂಗಳಕ್ಕೆ ಬಂದು ಮುತ್ಕತವೆ!" ಅಂದಳು ನೆಲ.

ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಬೇರೆಯಾಗುವುದೆಂದು ಹಟ ಹಿಡಿದರು. ಪಾಲು ಮಾಡಿಕೊಡಲು ಕಪ್ಪೆಯಣ್ಣ ಬಂದ. ದಡದುದ್ದಕ್ಕೂ ಒಂದು ಬಳ್ಳಿ ಎಳೆದು ಕಟ್ಟಿಸಿದ.

"ಎಲೆ ಆಚೆ, ಹುಳ ಈಚೆ. ಯಾರೂ ಬಳ್ಳಿ ದಾಟಂಗಿಲ್ಲ" ಅಂದ. ತಾನು ಮಾತ್ರ ಎರಡೂ ಕಡೆ ಕುಪ್ಪಳಿಸಿಕೊಂಡಿದ್ದ. ಕೇಳಿದರೆ, "ನ್ಯಾಯ ಹೇಳೋನ್ಗೆ ಓಡಾಟ ಇರ್ತದೆ" ಅನ್ನುತ್ತಿದ್ದ. ನನಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೆ.

ಮರಗಳು ಕೊಂಬೆಗಳನ್ನು ಹಿಂದಕ್ಕೆಳೆದುಕೊಂಡವು. ಎಲೆಗಳು ನೆಲದ ಮೇಲೇ ಉದುರಿ ಮೊಣಕಾಲುದ್ದ ರಾಶಿಯಾದವು. ಹುಳಗಳು ನೀರಲ್ಲೇ ಉಳಿದು ಒಂದರ ಮೇಲೊಂದು ಹೊರಳಾಡಿದವು. ಎರಡು ಮನೆಯೂ ತುಂಬಿತ್ತು. ಆದರೆ ದಿನದಿನಕ್ಕೆ ಎಲ್ಲರೂ ಸೊರಗುತ್ತಾ ಬಂದರು. ಮೀನಿನ ಮುಳ್ಳು ಎಣಿಸಬಹುದಿತ್ತು. ಜೇಡಕ್ಕೆ ಬಲೆ ನೇಯಲು ಕೈ ಏಳುತ್ತಿರಲಿಲ್ಲ. ಯಾಕೆ ಹೀಗೆ? ಮೀನಿಗೂ ಗೊತ್ತಿಲ್ಲ, ಜೇಡಕ್ಕೂ ಗೊತ್ತಿಲ್ಲ. ಮಾವ ಗಂಟು ತರುವುದು ನಿಲ್ಲಿಸಿರಲಿಲ್ಲವಲ್ಲ!

ಆಗ ಹೊಳೆಯ ತಳದ ಬಗ್ಗಡದಲ್ಲಿ ಒಬ್ಬಳಿದ್ದಳು. ಕಂದು ಬಣ್ಣ, ಆರು ಕಾಲು, ದೊಡ್ಡ ಕಣ್ಣು. ಎಲೆ ತಿನ್ನುವ ಪುಟಾಣಿ ಹುಳಗಳನ್ನು ಹಿಡಿದು ತಿನ್ನುವವಳು. ನೀನು ಏರೋಪ್ಲೇನ್ ಚಿಟ್ಟೆ ಅನ್ನುತ್ತೀಯಲ್ಲ, ಅದರ ಮರಿ. ಆಗ ಏರೋಪ್ಲೇನ್ ಎಲ್ಲಿತ್ತು? ಎಲ್ಲರೂ ಅವಳನ್ನು ಬಗ್ಗಡಿ ಅಂತಲೇ ಕರೆಯುತ್ತಿದ್ದರು.

ಬಗ್ಗಡಿಗೆ ಮೈಚರ್ಮ ಬಿಗಿಯಾಗತೊಡಗಿತು. ಹೋದ ವರ್ಷದ ಲಂಗ ನಿನಗೆ ಬಿಗಿಯಾಯಿತಲ್ಲ, ಹಾಗೆ. ಬೆನ್ನ ಮೇಲೆ ಏನೋ ಎರಡು ಗಂಟು ಊದಿಕೊಂಡು ನವೆಯಾಗುತ್ತಿತ್ತು. ಉಸಿರು ಕಟ್ಟುತ್ತಿತ್ತು. ಮೇಲೆ ಹೋಗಬೇಕು ಅನ್ನಿಸುತ್ತಿತ್ತು. ಯಾಕೆ ಅಂತ ಅವಳಿಗೇ ತಿಳಿಯದು.

"ಕಪ್ಪೆಯಣ್ಣಾ, ನಾನ್ ಯಾರ ಪಾಲು?" ಎಂದು ಕೇಳಿದಳು.

"ಹುಟ್ಟಿದ್ದೆಲ್ಲಿ?"

"ನೀರಲ್ಲಿ."

"ಹಂಗಾರೆ ಹೊಳೆಯಮ್ಮನ ಪಾಲು."

"ಮತ್ತೆ ಬೆನ್ ಮ್ಯಾಲೆ ಇದೇನು?"

ಕಪ್ಪೆಯಣ್ಣ ಬಗ್ಗಿ ನೋಡಿದ. "ಅಯ್ಯೋ, ರೆಕ್ಕೆ! ಹಂಗಾರೆ ನೆಲದಮ್ಮನ ಪಾಲು. ಅಲ್ಲ, ಹೊಳೆಯಮ್ಮನ... ತಡಿ, ತಡಿ." ಅವನು ತುಂಬ ಹೊತ್ತು ತಲೆ ಕೆರೆದುಕೊಂಡು ಕಡೆಗೆ ತೀರ್ಪು ಕೊಟ್ಟ. "ಅರ್ಧ ಅರ್ಧ."

"ಯಾವ ಅರ್ಧ ಯಾರ್ಗೆ?"

ಕಪ್ಪೆಯಣ್ಣ ಅಷ್ಟರಲ್ಲಿ ನೀರಿಗೆ ಹಾರಿಬಿಟ್ಟಿದ್ದ.

ಪಾಪ, ಬಗ್ಗಡಿ ಹೇಳಿದ ಹಾಗೆ ಕೇಳುವವಳು. ನೀರಲ್ಲಿದ್ದ ಒಂದು ಜೊಂಡಿನ ಕಡ್ಡಿ ಹತ್ತಿ, ತಲೆ ಮೇಲೆ, ಬಾಲ ನೀರಲ್ಲಿ ಇಟ್ಟುಕೊಂಡು ಕೂತಳು. ಬಳ್ಳಿ ಅವಳ ಮೂಗಿಗೆ ತಾಗುವಷ್ಟು ಹತ್ತಿರ. ತಲೆ ಬಿಸಿಲಿಗೆ ಒಣಗಿತು, ಬಾಲ ತಣ್ಣಗೆ ನಡುಗಿತು. ಮೇಲೆ ಹೋಗಿ ಆ ಚರ್ಮ ಕಳಚದಿದ್ದರೆ ಸಂಜೆಯೊಳಗೆ ಸತ್ತೇ ಹೋಗುತ್ತಿದ್ದಳು.

ಎದುರಿನ ದಡದ ಮಣ್ಣಲ್ಲಿ ಬಿಲ ಕೊರೆದು ಕಳ್ಳಿಪೀರ ಹಕ್ಕಿ ಮರಿ ಮಾಡಿತ್ತು. ಒಳಗೆ ಮೂರು ಮರಿಗಳು ಹಸಿವಿಗೆ ಅಳುತ್ತಿದ್ದವು. ತಾಯಿಹಕ್ಕಿ ಬಗ್ಗಡಿಯನ್ನು ನೋಡಿತು. ಬಗ್ಗಡಿ ಹಕ್ಕಿಯ ಕೊಕ್ಕು ನೋಡಿದಳು.

"ನಿನ್ನ ತಿಂದ್ಬಿಡ್ತಿದ್ದೆ ಕಣಮ್ಮಾ, ಆದ್ರೆ ನೀನು ಆ ಕಡೆ ಪಾಲು" ಅಂದಿತು ಹಕ್ಕಿ.

"ನಾನ್ ಯಾವ ಕಡೆ ಅಂತ ನಂಗೇ ಗೊತ್ತಿಲ್ಲ ಕಣಕ್ಕಾ. ನಿನ್ ಮಕ್ಳು ಯಾಕ್ ಅಳ್ತವೆ?"

"ನೀರಿಂದ ಒಂದ್ ಹುಳಾನೂ ಮ್ಯಾಕ್ ಬರಾಕಿಲ್ಲ ಈಗ. ಏನ್ ತಿನ್ಸಲಿ?"

"ನಮ್ಗೂ ಅಂಗೇ. ಮ್ಯಾಲಿಂದ ಒಂದ್ ಎಲೇನೂ ಬೀಳಾಕಿಲ್ಲ. ಎಲೆ ಇಲ್ದೆ ಹುಳ ಬಡವಾದ್ವು, ಬಡವಾದ ಹುಳ ತಿಂದು ನಾನು..." ಬಗ್ಗಡಿ ತಲೆಯೆತ್ತಿ ಮರ ನೋಡಿದಳು. ಹಕ್ಕಿ ಬಗ್ಗಿ ನೀರು ನೋಡಿತು.

"ನಾವು ಕಸ ಅಂದಿದ್ದು ನಮ್ ಊಟ!" ಎಂದು ಬಗ್ಗಡಿ ಕೂಗಿದಳು.

"ನಾವು ಕಾಟ ಅಂದಿದ್ದು ನಮ್ ಊಟ!" ಎಂದು ಹಕ್ಕಿ ಕೂಗಿತು.

ಆ ಕೂಗಿಗೆ ಅತ್ತಿಮರ ಬೆಚ್ಚಿಬಿತ್ತು. ಕೊಂಬೆಯೊಂದು ಮುಂದಕ್ಕೆ ಬಾಗಿ, ಒಂದೇ ಒಂದು ಹಣ್ಣೆಲೆ ಬಳ್ಳಿ ದಾಟಿ ನೀರಿಗೆ ಬಿತ್ತು. ಹುಳಗಳು ಓಡಿಬಂದು ಅದಕ್ಕೆ ಮುತ್ತಿಕೊಂಡವು. ಹೊಳೆಗೆ ಹೊಟ್ಟೆ ತಂಪಾದ ಹಾಗಾಯಿತು.

"ಅಕ್ಕಾ, ನಂಗೊಂದೂ ಅರ್ಥ ಆಗ್ಲಿಲ್ಲ" ಅಂದಳು ಹೊಳೆ. "ಆದ್ರೆ ಇನ್ನೊಂದ್ ಎಲೆ ಹಾಕು."

"ನಂಗೂ ಆಗ್ಲಿಲ್ಲ ಕಣೇ" ಅಂದಳು ನೆಲ. "ಆ ಹೆಣ್ ಕೂಸ್ನ ಮದ್ಲು ಮ್ಯಾಕ್ ಕಳ್ಸು, ಸಾಯ್ತಾ ಅವ್ಳೆ."

ಹೊಳೆ ಒಮ್ಮೆ ಉಬ್ಬಿ ಬಂದು ಬಳ್ಳಿಯನ್ನು ಕಿತ್ತುಕೊಂಡು ಹೋದಳು. ಬಗ್ಗಡಿ ಕಡ್ಡಿಯ ತುದಿಗೇರಿದಳು. ಬೆನ್ನು ಬಿರಿಯಿತು. ಒಳಗಿಂದ ಮಿರಿಮಿರಿ ಮಿಂಚುವ ನಾಲ್ಕು ರೆಕ್ಕೆಗಳ ಬಗ್ಗಡಿ ಹೊರಬಂದಳು. ಅವಳ ಹಿಂದೆ ನೂರಾರು ಅಕ್ಕತಂಗಿಯರು ಬಂದರು.

ಕಳ್ಳಿಪೀರ ಬಗ್ಗಡಿಯನ್ನು ಬಿಟ್ಟು ಅವಳ ಪಕ್ಕದವಳನ್ನು ಹಿಡಿಯಿತು. ಹೌದು ಕೂಸೇ, ತಿಂದೇಬಿಟ್ಟಿತು. ನನಗೂ ಸಂಕಟವಾಗುತ್ತದೆ. ಆದರೆ ಬಿಲದೊಳಗಿನ ಮೂರು ಮರಿಗಳು ಅಳು ನಿಲ್ಲಿಸಿದವು. ಮಾವನ ಗಂಟಿನ ಕಸುವು ಎಲೆಯಿಂದ ಹುಳಕ್ಕೆ, ಹುಳದಿಂದ ಬಗ್ಗಡಿಯರಿಗೆ, ಅವರಿಂದ ಹಕ್ಕಿಗೆ ಹೋಯಿತು. ದಾರಿಯಲ್ಲಿ ಎಲ್ಲರೂ ಓಡಿ, ಹಾರಿ, ಮೈ ಬೆಚ್ಚಗೆ ಮಾಡಿಕೊಂಡು ಅದನ್ನು ಖರ್ಚು ಮಾಡಿಬಿಟ್ಟರು. ಮಾವನಿಗೆ ಚೂರೂ ವಾಪಸ್ಸು ಬರಲಿಲ್ಲ. ಅದಕ್ಕೇ ಅವನು ಇವತ್ತಿಗೂ ಬೆಳಿಗ್ಗೆ ಗಂಟು ಹೊತ್ತು ಬರಲೇಬೇಕು.

ಬಗ್ಗಡಿ ಮಾತ್ರ ಗಾಳಿಯಲ್ಲಿ ಹಾರುತ್ತಾ, "ಈಗ ನಾನ್ ಯಾರ ಪಾಲು?" ಎಂದು ಕೇಳುತ್ತಲೇ ಇದ್ದಳು. ಹೊಳೆಗೆ ಬಂದು ಬಾಲ ತಾಗಿಸಿ, "ನಿನ್ನೋಳೇ ಕಣವ್ವಾ" ಎಂದು ಒಂದು ಮೊಟ್ಟೆ ಬಿಟ್ಟಳು. ಮತ್ತೆ ದಡಕ್ಕೆ ಹಾರಿ, "ನಿನ್ನೋಳೂ ಕಣವ್ವಾ" ಅಂದಳು. ಮತ್ತೆ ನೀರಿಗೆ ಬಂದಳು.

ಇವತ್ತಿಗೂ ಏರೋಪ್ಲೇನ್ ಚಿಟ್ಟೆ ನೀರಿಗೆ ಬಾಲ ತಾಗಿಸಿ ತಾಗಿಸಿ ಹಾರುವುದು ಅದಕ್ಕೇ. ಒಮ್ಮೊಮ್ಮೆ ನಿಮ್ಮ ಚಿಕ್ಕಪ್ಪನ ಕಾರು ಫಳಫಳ ಹೊಳೆಯುವುದನ್ನು ಕಂಡು ಹೊಳೆಯೆಂದುಕೊಂಡು ಅಲ್ಲೂ ಬಾಲ ತಾಗಿಸುತ್ತಾಳೆ. ನೀನು ಕಂಡರೆ ನಗಬೇಡ ಕೂಸೇ, ಹೊಳೆ ಯಾವ ಕಡೆ ಅಂತ ಕೈ ತೋರಿಸು.