ಟೀವಿಯ ಹೋತ, ಈರಕ್ಕನ ಜಗಲಿ

ಕೇಳ್ರಪ್ಪಾ, ಕೇಳ್ರಮ್ಮಾ. ನಗು ಬಂದೋರು ನಗಿ. ನಿಮ್ಮ ಮನೇಲೂ ಇಂಥವನೊಬ್ಬ ಇದ್ದರೆ ಸೆರಗು ಅಡ್ಡ ಹಿಡ್ಕಂಡು ನಗಿ.

ಒಂದೂರಲ್ಲಿ ಈರಕ್ಕ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಜುಂಜ. ಮೈಯಲ್ಲಿ ಎತ್ತಿನ ಬಲ, ತಲೇಲಿ ಮಾತ್ರ ಏನೂ ಇಲ್ಲ. ಊರೋರ ಕುರಿ ಎಣಿಸೋ ಅಂದ್ರೆ ಎಣಿಸೋನು. ತೋಳ ಬಂದು ಹೊತ್ಕಂಡು ಹೋದ್ರೂ ಎಣಿಸ್ತಾನೇ ಇರೋನು, ಕುರಿ ಕಾಯೋ ಅಂತ ಯಾರೂ ಹೇಳಿರಲಿಲ್ಲವಲ್ಲ! "ಅಯ್ಯೋ ದೇವರೇ, ಒಬ್ಬನ್ನ ಕೊಟ್ಟೆ, ಅವನಿಗೆ ಒಂದು ಕಾಳು ಬುದ್ಧಿ ಕೊಡೋಕೆ ನಿನಗೇನಾಗಿತ್ತು?" ಅಂತ ಈರಕ್ಕ ಹಣೆ ಚಚ್ಚಿಕೊಳ್ಳೋಳು.

ಈರಕ್ಕನ ಆಸ್ತಿ ಅಂದ್ರೆ ಒಂದು ಕೊಬ್ಬಿದ ಟಗರು, ಒಂದು ಉದ್ದನೆ ಜಗಲಿ. ಟಗರಿಗಿಂತ ಜಗಲಿ ಮೇಲೇ ಅವಳಿಗೆ ಜಂಬ. ಸಂಜೆಯಾದ್ರೆ ಬೀದಿಯೆಲ್ಲ ಅಲ್ಲೇ. ಉಣ್ಣೆ ನೂಲೋರು ನೂಲೋರು, ಅವರೆಕಾಯಿ ಸುಲಿಯೋರು ಸುಲಿಯೋರು. ಈರಕ್ಕ ಹೇಳಿದ್ದೇ ಸುದ್ದಿ, ಈರಕ್ಕ ನಕ್ಕಿದ್ದಕ್ಕೇ ಎಲ್ಲರೂ ನಗೋರು.

ಆಮೇಲೆ ಎದುರುಮನೆ ಓಬಕ್ಕ ಬಾಗಿಲಗಲದ ಟೀವಿ ತಂದಳು ನೋಡಿ. ಅಷ್ಟೇ! ಜಗಲಿ ಬರಿದಾಯ್ತು.

ಭಾನುವಾರ ಸಂಜೆ ಆ ಟೀವೀಲಿ ಒಂದು ಬೇಟೆ ಬರೋದು. ಎಲ್ಲೋ ದೂರದೇಶದ ಹಿಮದ ಬೆಟ್ಟ. ಕೆಂಪು ಮೂಗಿನ ಒಬ್ಬ ದೊರೆ, ಹೆಗಲಿಗೆ ಕೋವಿ. ದೊಡ್ಡ ಕೊಂಬಿನ ಒಂದು ಕಾಡುಹೋತದ ಹಿಂದೆ ಬಿದ್ದಿದ್ದ. ಅವನು ಒಂದು ಗುಡ್ಡ ಹತ್ತಿದರೆ ಹೋತ ಇನ್ನೊಂದು ಗುಡ್ಡಕ್ಕೆ ಹಾರೋದು. ಓಬಕ್ಕನ ಮನೆ ತುಂಬ ಕೂಗು. "ಅಗೋ ಅಗೋ!" "ಅಯ್ಯಯ್ಯೋ ಜಾರಿದ!" "ಅಷ್ಟು ಚಳೀಲಿ ಒಂದು ಕಂಬಳಿ ಹೊದ್ದಿಲ್ಲ ನೋಡು, ಹುಚ್ಚುಮುಂಡೇದು!"

ಇತ್ತ ಈರಕ್ಕನ ಹೊಟ್ಟೇಲಿ ಬೆಂಕಿ. ಹೋಗಿ ನೋಡೋಣ ಅಂದ್ರೆ ಮಾನ ಬಿಡದು, ನೋಡದೆ ಇರೋಣ ಅಂದ್ರೆ ಕಿವಿ ಬಿಡದು.

"ಲೇ ಜುಂಜ, ಹೋಗು. ಅಲ್ಲಿ ಜನ ಏನ್ ಮಾಡ್ತಾರೆ ನೋಡ್ಕಂಡು ಬಾ."

ಜುಂಜ ಹೋದ. ಟೀವಿ ಮುಂದೆಯೇ ಕೂತ, ಟೀವಿಗೆ ಬೆನ್ನು ಹಾಕಿ, ಜನದ ಮುಖ ನೋಡ್ತಾ. "ತಿರುಗೋ!" ಅಂದ್ರು, ತಿರುಗಲಿಲ್ಲ. "ಸರಿಯೋ!" ಅಂದ್ರು, ಸರೀಲಿಲ್ಲ. ಮುಗಿದ ಮೇಲೆ ಮನೆಗೆ ಬಂದ.

"ಏನ್ ಕಂಡ್ಯೋ?"

"ಪಾತಜ್ಜ ಬಾಯಿ ಬಿಟ್ಟ ಕಣಮ್ಮ. ಅವನಿಗೆ ಎರಡೇ ಹಲ್ಲು! ಓಬಕ್ಕ ಎದೆ ಹಿಡ್ಕಂಡ್ಲು. ಆಮೇಲೆ ಎಲ್ಲರೂ ಅಯ್ಯೋ ಅಂದ್ರು."

"ಯಾಕಂದ್ರು?"

"ಅದು ನನ್ನ ಬೆನ್ನ ಹಿಂದೆ ಆಯ್ತು."

"ಥೂ ಪೆದ್ದೇ! ಟೀವಿ ಮೇಲೆ ಕಣ್ಣಿಡಬೇಕು ಕಣೋ! ಆಕಾಶವೇ ಕಳಚಿ ಬಿದ್ರೂ ಕಣ್ಣು ಕೀಳಬಾರದು!"

"ಆಯ್ತಮ್ಮ."

ಮುಂದಿನ ಭಾನುವಾರ ಜುಂಜ ಬಾಗಿಲಲ್ಲೇ ಕೂತು ಟೀವಿ ಮೇಲೆ ಕಣ್ಣಿಟ್ಟ. ಆ ಹೊತ್ತಿಗೆ ಅವರದ್ದೇ ಟಗರು ಹಗ್ಗ ಕಿತ್ಕೊಂಡು ಓಬಕ್ಕನ ಅಂಗಳಕ್ಕೆ ನುಗ್ತು. ಜುಂಜನ ಬೆನ್ನು ಉಜ್ಜಿಕೊಂಡೇ ಹೋಯ್ತು, ಒಣಗಲು ಹರಡಿದ್ದ ಹುರುಳಿಯನ್ನೆಲ್ಲ ಮುಕ್ಕಿತು. ಜುಂಜ ತಿರುಗಬೇಕಲ್ಲ! ಓಬಕ್ಕ ಬೀದಿಗೆ ಬಂದು ನಿಂತಳು. "ಈರಕ್ಕಾ! ಮಗನ್ನ ಟೀವಿಗೆ ಕಳಿಸಿ, ಟಗರನ್ನ ಹುರುಳಿಗೆ ಕಳಿಸ್ತೀಯಾ? ಚೆನ್ನಾಗೈತೆ ನಿನ್ನ ಸಂಸಾರ!" ಬೀದಿಯೆಲ್ಲ ಕೇಳಿಸಿಕೊಂಡಿತು. ಈರಕ್ಕ ಮಗನ ಮೇಲೆ ರೇಗಿದಳು.

"ಥೂ ಪೆದ್ದೇ! ಪ್ರಾಣಿ ಮೇಯೋದು ಕಂಡ್ರೆ ಗೊಂಬೆ ಹಂಗೆ ಕೂರ್ತಾರೇನೋ? ದಡಬಡ ಏಳಬೇಕು, ಕೋಲು ಬೀಸಬೇಕು, ಹಾಯ್ ಹಾಯ್ ಅಂತ ಓಡಿಸಬೇಕು!"

"ಆಯ್ತಮ್ಮ."

ಅದರ ಮುಂದಿನ ಭಾನುವಾರ ಟೀವೀಲಿ ಹೋತ ಕೊನೆಗೂ ದೊರೆಯ ಕಣ್ಣಳತೆಗೆ ಸಿಕ್ಕಿತ್ತು. ಬಂಡೆ ಸಂದೀಲಿ ನಿಂತು ಹುಲ್ಲು ಮೇಯ್ತಾ ಇತ್ತು. ದೊರೆ ಹೊಟ್ಟೆ ಮೇಲೆ ತೆವಳಿದ, ಕೋವಿ ಎತ್ತಿದ, ಗುರಿ ಇಟ್ಟ. ಓಬಕ್ಕನ ಮನೇಲಿ ಒಬ್ಬರೂ ಉಸಿರು ಬಿಡಲಿಲ್ಲ. ಜುಂಜ ದಡಬಡ ಎದ್ದ. "ಹಾಯ್! ಹಾಯ್! ಹಾಯ್!" ಕೋಲು ಬೀಸಿದ. ಅದೇ ಗಳಿಗೇಲಿ ಹೋತ ಕಿವಿ ನಿಮಿರಿಸಿ, ಛಂಗನೆ ಹಾರಿ, ಮಾಯ!

ಟೀವಿಯೊಳಗಿನ ಹೋತಕ್ಕೆ ಜುಂಜನ ಕೂಗು ಕೇಳ್ತದಾ ಅಂತ ನೀವು ಕೇಳಬಹುದು. ಆ ಬೀದೀಲಿ ಯಾರೂ ಕೇಳಲಿಲ್ಲ.

"ಓಡಿಸಿಬಿಟ್ಟನಲ್ಲೋ ಪಾಪಿ!" "ಆ ದೊರೆ ಎಷ್ಟು ಗುಡ್ಡ ಹತ್ತಿದ್ದ, ಎಲ್ಲ ಹಾಳು!" ಓಬಕ್ಕ ಅಂತೂ ಕೈ ತಟ್ಟಿ ಹೇಳಿದಳು: "ಇದು ಪೆದ್ದನ ಕೆಲಸ ಅಲ್ಲ ಕಣ್ರೀ, ಅವರಮ್ಮನ ಹೊಟ್ಟೆಕಿಚ್ಚು!"

ನೀರಿಗೆ ಹೋಗುವಾಗ ಒಂದು ಮಾತಾಡಿಸಿ ಹೋಗೋರೂ ಅವತ್ತಿಂದ ಮುಖ ತಿರುಗಿಸಿದರು. ಈರಕ್ಕ ಜಗಲಿ ಕಂಬಕ್ಕೆ ಒರಗಿ ಅತ್ತೇಬಿಟ್ಟಳು.

"ಹೌದು ಕಣೋ, ನನಗೆ ಹೊಟ್ಟೆಕಿಚ್ಚೇ! ಯಾಕಿರಬಾರದು? ನನ್ನ ಜಗಲಿ ಮೇಲೆ ಜನ ಕೂರ್ತಿದ್ರು, ಈಗ ನಾಯಿ ಮಲಗ್ತೈತೆ. ನೀನು ನೋಡಿದ್ರೆ ಬೇಟೇನೇ ಓಡಿಸಿ ಬಂದೆ. ಬೇಟೆ ಬೀಳೋಗಂಟ ಸುಮ್ಮನಿರಬೇಕು ಕಣೋ. ಬಿದ್ದ ಮೇಲೆ ಕೈ ಮುಗಿದು ಪಾಲು ಇಸ್ಕಂಡು ಬರಬೇಕು. ನಿಮ್ಮ ತಾತನ ಕಾಲದ ಪದ್ಧತಿ ಅದು. ಪ್ರಾಣಿ ಬೀಳೋದು ಕಣ್ಣಾರೆ ಕಂಡೋನಿಗೆ, ದಾರಿಹೋಕನಾದ್ರೂ ಸರಿ, ಒಂದು ಪಾಲು!"

"ಆಯ್ತಮ್ಮ."

ಮತ್ತೆ ಭಾನುವಾರ ಬಂತು, ಜುಂಜ ಬೋಗುಣಿ ಹಿಡ್ಕಂಡು ಹೋದ. ದೊರೆ ಹೋತವನ್ನ ಮತ್ತೆ ಹುಡುಕಿದ್ದ. ಢಂ! ಹೋತ ಬಿತ್ತು. ಮನೆಯೆಲ್ಲ ಸಿಳ್ಳೆ, ಚಪ್ಪಾಳೆ. ಜುಂಜ ಕೈ ಮುಗಿದು ಓಬಕ್ಕನ ಮುಂದೆ ಬೋಗುಣಿ ಇಟ್ಟ.

"ಒಳ್ಳೆ ಬೇಟೆ ಓಬಕ್ಕ. ನಮ್ಮ ಪಾಲು ಹಾಕು. ತೊಡೆ ಕಡೇದೇ ಹಾಕು."

ಜನ ನಕ್ಕೂ ನಕ್ಕೂ ಗೋಡೆಗೆ ಒರಗಿದರು. "ಪದ್ಧತಿ ಅಂದ್ರೆ ಪದ್ಧತಿ ಓಬಕ್ಕ! ಹೋತ ಬಿದ್ದಿದ್ದು ನಿನ್ನ ಮನೇಲೇ!" ಅಂತ ಪಾತಜ್ಜ ಬೇರೆ ಕಿಚಾಯಿಸಿದ. ಓಬಕ್ಕ ಬೋಗುಣಿಯನ್ನ ಜುಂಜನ ತಲೆ ಮೇಲೆ ಬೋರಲು ಹಾಕಿ ಕಳಿಸಿದಳು.

ಬೋಗುಣಿ ಹೊತ್ತು ಬಂದ ಮಗನ್ನ ನೋಡಿ ಈರಕ್ಕನಿಗೆ ಉರಿದುಹೋಯ್ತು. ಜಗಲಿ ಮೇಲೆ ನಿಂತು, ಎದುರುಮನೆ ಬಾಗಿಲಿಗೆ ಬಡಿಯೋ ಹಂಗೆ ಕೂಗಿದಳು:

"ಥೂ ಪೆದ್ದೇ! ಪದ್ಧತಿ ಗೊತ್ತಿಲ್ಲದೋರ ಹತ್ರ ಪಾಲು ಕೇಳ್ತಾರೇನೋ? ಆ ಹೋತ ನಮ್ಮ ಜಗಲಿ ಮೇಲೆ ಬೀಳಬೇಕಿತ್ತು. ಬೀದೀನೇ ಕರೆದು ಬಾಡೂಟ ಹಾಕ್ತಿದ್ದೆ!"

"ನಮ್ಮ ಜಗಲಿ ಮೇಲೇ ಬೀಳಬೇಕಾ ಅಮ್ಮ?"

"ಹೂಂ! ಇಲ್ಲೇ ಬೀಳಬೇಕು!"

"ಆಯ್ತಮ್ಮ."

ಮುಂದಿನ ಭಾನುವಾರ ದೊರೆ ಇನ್ನೊಂದು ಹೋತದ ಬೆನ್ನು ಹತ್ತಿದ್ದ. ಕೋವಿ ಎತ್ತಿದ, ಗುರಿ ಇಟ್ಟ. ಜುಂಜ ಎದ್ದ. ಟೀವಿಯನ್ನ ತಬ್ಬಿ ಹಿಡಿದು ಒಂದೇ ಎಳೆತ ಎಳೆದ. ವೈರು ಫಟ್ ಅಂತು. ಟೀವಿ ತಲೆ ಮೇಲೆ ಹೊತ್ತು ಓಡಿದ.

"ಹಿಡೀರೋ! ಹಿಡೀರೋ!" ಬೀದಿಗೆ ಬೀದಿಯೇ ಹಿಂದೆ. ಜುಂಜ ಜಗಲಿ ಹತ್ತಿದ, ಎರಡೂ ಕೈ ಮೇಲೆತ್ತಿದ.

"ಅಮ್ಮಾ, ಬಿತ್ತು ನೋಡು!"

ಧಡ್! ಟೀವಿ ಚೂರು ಚೂರು.

ಈರಕ್ಕ ಹೊರಗೆ ಬಂದಳು. ನಿಜ ಹೇಳ್ತೀನಿ, ಮೊದಲು ಅವಳಿಗೆ ಒಡೆದ ಟೀವಿ ಕಾಣಲೇ ಇಲ್ಲ. ಕಂಡಿದ್ದು ಜಗಲಿ ತುಂಬ ಜನ. "ಬನ್ನಿ ಬನ್ನಿ, ಕೂತ್ಕಳಿ!" ಅಂದುಬಿಟ್ಟಳು.

"ಕೂತ್ಕಳೋದಾ? ನನ್ನ ಟೀವೀನ ತಿಂದುಬಿಟ್ರಲ್ಲೇ!" ಅಂತ ಓಬಕ್ಕ ಎದೆ ಬಡ್ಕಂಡಳು.

ಪಾತಜ್ಜ ಕೈ ಎತ್ತಿ ನ್ಯಾಯ ಹೇಳಿದ. "ಈರಕ್ಕ, ನಿನ್ನ ಟಗರು ಓಬಕ್ಕನಿಗೆ ಕೊಡು. ಇಲ್ಲ ಅಂದ್ರೆ ಈ ಜಗಲೀನ ಇನ್ನು ಯಾರೂ ಹತ್ತೋದಿಲ್ಲ."

ಈರಕ್ಕ ಟಗರು ನೋಡಿದಳು. ಜಗಲಿ ನೋಡಿದಳು. ಟಗರನ್ನ ಅವಳು ಮರಿಯಿಂದ ಸಾಕಿದ್ದಳು.

"ಕೊಟ್ಟೆ! ಆದ್ರೆ ಸಂಜೆ ಎಲ್ಲರೂ ಇಲ್ಲೇ ಬರಬೇಕು."

"ಬರ್ತೀವಿ ಬಿಡು ಈರಕ್ಕ, ಇನ್ನೆಲ್ಲಿಗೆ ಹೋಗೋದು?" ಅಂತ ಜನ ಒಬ್ಬೊಬ್ಬರೇ ಕೂತರು. ಮೂಗು ಒರೆಸಿಕೊಳ್ತಾ ಓಬಕ್ಕನೂ ಕೂತಳು. ಈರಕ್ಕನ ಹೊಟ್ಟೆ ತಣ್ಣಗಾಯ್ತು.

"ಲೇ ಜುಂಜ, ಟಗರು ಬಿಚ್ಚಿ ಓಬಕ್ಕನ ಕೈಗೆ ಕೊಡು. ಅದು ಎಳೆದಾಡ್ತೈತೆ, ಹುಷಾರು. ಪ್ರಾಣ ಹೋದ್ರೂ ಹಗ್ಗ ಬಿಡಬೇಡ!"

"ಆಯ್ತಮ್ಮ."

ಜುಂಜ ಹೋದ. ಹಗ್ಗವನ್ನ ಕೈಗೆ ಬಿಗಿಯಾಗಿ ಸುತ್ತಿಕೊಂಡ. ಆಮೇಲೆ ಟಗರಿನ ಕೊರಳ ಗಂಟು ಬಿಚ್ಚಿದ. ಟಗರು ತಲೆ ಕೊಡವಿತು, ಜಗಲಿ ಮೇಲಿದ್ದೋರ ತಲೆ ಮೇಲಿಂದಲೇ ಹಾರಿ ಬೀದಿಗೆ ಬಿತ್ತು, ಬೀದಿ ಬಿಟ್ಟು ಊರ ಹಿಂದಿನ ಗುಡ್ಡಕ್ಕೆ ಓಟ ಕಿತ್ತಿತು.

"ಅಗೋ ಅಗೋ!" "ಎಡಕ್ಕೆ ಎಡಕ್ಕೆ!" "ಬಂಡೆ ಹತ್ತಿತು ನೋಡ್ರೋ!" ಸೀರೆ ಎತ್ತಿಕಟ್ಟಿ ಓಬಕ್ಕ ಮುಂದೆ, ಕೋಲೂರಿ ಪಾತಜ್ಜ ಹಿಂದೆ, ಬೀದಿಯೆಲ್ಲ ಗುಡ್ಡಕ್ಕೆ ಓಡಿತು. ಕಣ್ಣು ಮುಚ್ಚಿ ಬಿಡೋದರಲ್ಲಿ ಜಗಲಿ ಖಾಲಿ.

ಖಾಲಿ ಜಗಲಿ ಮೇಲೆ ಈರಕ್ಕ ಒಬ್ಬಳೇ ನಿಂತಿದ್ದಳು. ಹಿಂದಿನಿಂದ ಜುಂಜ ಎದೆ ಉಬ್ಬಿಸಿಕೊಂಡು ಬಂದ, ಕೈ ಮುಂದೆ ಚಾಚಿ ತೋರಿಸಿದ.

"ಅಮ್ಮಾ, ನೀನು ಹೇಳಿದಂಗೇ ಹಗ್ಗ ಬಿಟ್ಟಿಲ್ಲ ಕಣಮ್ಮ!"