ನುಣುಪಿಯ ಬೆನ್ನು ಸವರಿದವರು

“ಹೊಳೆಯಣ್ಣಾ, ನೆರೆ ಹತ್ತದ ದಿಬ್ಬಕ್ಕೆ ದಾರಿ ಯಾವುದಣ್ಣಾ?”

ಬಾಯಲ್ಲಿದ್ದ ಬೀಜವನ್ನು ಕೆಳಗಿಟ್ಟು ನುಣುಪಿ ಇಲಿ ಕೇಳಿದಳು. ದಾರಿ ತಪ್ಪಿ ಎರಡು ಹಗಲಾಗಿತ್ತು. ಆಗಿನ್ನೂ ಲೋಕಕ್ಕೆ ಬಳಿದ ಬಣ್ಣ ಒಣಗಿರಲಿಲ್ಲ, ಆ ತಗ್ಗು ಕಾಡಿನಲ್ಲಿ ಒಂದು ಕಾಲುದಾರಿಯೂ ಮೂಡಿರಲಿಲ್ಲ. ನುಣುಪಿಯ ಮೈಯೋ, ರೇಷ್ಮೆ. ಬಾಲವೋ, ಬಳ್ಳಿಯಷ್ಟು ಉದ್ದ.

ಹೋದ ನೆರೆಯಲ್ಲಿ ಮುದಿ ತಾಳೆಯಮ್ಮ ಅವಳನ್ನು ತನ್ನ ಗರಿಯ ಮೇಲೆ ಕೂರಿಸಿ ಉಳಿಸಿದ್ದಳು. “ನನ್ನ ಮಕ್ಕಳೆಲ್ಲ ಕೊಚ್ಚಿಹೋದವು ಮಗಳೇ. ಇದೊಂದು ಬೀಜ ಉಳಿದಿದೆ. ಒಣಗುವ ಮೊದಲು ದಿಬ್ಬದಲ್ಲಿ ಊರಿಬಿಡು” ಅಂದಿದ್ದಳು. ನುಣುಪಿ ಮಾತು ಕೊಟ್ಟಿದ್ದಳು.

ಆ ಕಾಲಕ್ಕೊಂದು ರಿವಾಜಿತ್ತು. ದಾರಿ ಕೇಳಿದವರು, ಹೇಳುವವರ ಕೈಲಿ ಬೆನ್ನು ಸವರಿಸಿಕೊಳ್ಳಬೇಕು. ಯಾರು ಮಾಡಿದ್ದೋ! ಎಂದೂ ದಾರಿ ಕೇಳದವರೇ ಮಾಡಿರಬೇಕು.

ಹೊಳೆ ಸವರಿತು. “ಆಹಾ! ಎಡಕ್ಕೆ ಹೋಗು.” ಎಡಕ್ಕೆ ಹೋದರೆ ಕೆಸರು.

ಗಾಳಿ ಸವರಿತು. “ಆಹಾ! ಬಲಕ್ಕೆ ಹೋಗು.” ಬಲಕ್ಕೆ ಹೋದರೆ ಮುಳ್ಳುಪೊದೆ.

ಹೆಬ್ಬಾವು ಮಾವ ಸವರಿದ, ನಿಧಾನವಾಗಿ. “ಆಹಾ, ಏನು ಮೈಯಮ್ಮಾ! ನೇರ ಹೋಗು.” ನೇರ ಹೋದರೆ ಮತ್ತೆ ಅದೇ ಹೊಳೆ.

“ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಾರದಾ?” ನುಣುಪಿ ಹಲ್ಲು ಕಡಿದಳು.

ಹೊಳೆ ನಕ್ಕಿತು. “ಹಾಗಂದರೆ ಸವರೋಕೆ ಬಿಡ್ತಿದ್ಯಾ?”

ನುಣುಪಿಯ ಕಿವಿ ಬಿಸಿಯಾಯಿತು. ಬೀಜದ ಸಿಪ್ಪೆ ಆಗಲೇ ಸುಕ್ಕಾಗುತ್ತಿತ್ತು.

ಆಗ ಚುಕ್ಕೆ ಬೆಕ್ಕು ಅಡ್ಡ ಬಂತು. “ಬಾ ತಂಗಿ, ದಿಬ್ಬ ನನ್ನ ಬೆನ್ನ ಹಿಂದೆಯೇ ಇದೆ.” ನಿಜವಾಗಿಯೂ ಇತ್ತು! ಬೆಕ್ಕು ಒಂದು ಸಲ ಸವರಿತು. ಎರಡು ಸಲ ಸವರಿತು. “ಇನ್ನೊಂದೇ ಸಲ” ಅನ್ನುತ್ತಾ ಬಾಲವನ್ನು ಉಗುರಿನಡಿ ಒತ್ತಿ ಹಿಡಿಯಿತು.

“ಕೈ ತೆಗಿ.”

“ಅಯ್ಯೋ, ಇಷ್ಟಕ್ಕೆಲ್ಲ ಸಿಟ್ಟಾ?”

“ಇಷ್ಟಕ್ಕೇ!”

ಎಡದ ಸಿಟ್ಟು, ಬಲದ ಸಿಟ್ಟು, ನೇರ ಹೋದ ಸಿಟ್ಟು, ಎಲ್ಲ ಒಟ್ಟಿಗೆ ಬೆನ್ನಿಗೇರಿತು. ರೇಷ್ಮೆಯ ಒಂದೊಂದು ಎಳೆಯೂ ಸೆಟೆದು ಮುಳ್ಳಾಯಿತು. ಸವರಲು ಬಂದ ಪಂಜದಲ್ಲಿ ರಕ್ತ ಚಿಮ್ಮಿತು. ಆದರೂ ಇನ್ನೊಂದು ಪಂಜ ಬಾಲ ಬಿಡಲಿಲ್ಲ.

“ಬಾಲ ತಾನೇ ಬೇಕು? ಇಟ್ಕೋ!”

ಬೀಜ ಕಚ್ಚಿಕೊಂಡು ನುಣುಪಿ ಜಗ್ಗಿದಳು. ಪಟ್!

ಮೋಟು ಬಾಲದ ಇಲಿ ದಿಬ್ಬ ಹತ್ತಿದಳು. ಮಣ್ಣು ಕೆದರಿ ಬೀಜ ಊರಿದಳು, ಮೂಗಿನಿಂದ ಒತ್ತಿದಳು. “ತಗೋ ತಾಳೆಯಮ್ಮ, ನಿನ್ನ ಋಣ ತೀರಿತು.”

ಋಣ ತೀರಿತು, ಸಿಟ್ಟು ತೀರಲಿಲ್ಲ. ಅದಕ್ಕೇ ಇವತ್ತಿಗೂ ಆ ಕಾಡಿನಲ್ಲಿ ನುಣುಪಿಯ ಕುಲದ ಮುಳ್ಳಿಲಿಯ ಬೆನ್ನು ಸವರಿದರೆ ಕೈಗೆ ಚುಚ್ಚುತ್ತದೆ, ಬಾಲ ಹಿಡಿದೆಳೆದರೆ ಬಾಲವಷ್ಟೇ ಕೈಯಲ್ಲಿ ಉಳಿಯುತ್ತದೆ, ಅವಳು ಬೀಜ ಕಚ್ಚಿಕೊಂಡು ಓಡಿದ ದಿಕ್ಕಿನಲ್ಲಿ ಒಂದು ತಾಳೆಯ ಸಸಿ ತಲೆಯೆತ್ತುತ್ತದೆ.