ಹೂವು ಕಾಣದ ಫೋಟೋ

ಬೋರೆ ಅನ್ನೋ ಸಣ್ಣ ಗುಡ್ಡದ ಕೆಳಗಿನ ಒಂದು ಊರಲ್ಲಿ ಮರೀಗೌಡ ಅಂತ ಹಿಟ್ಟಿನ ಗಿರಣಿಯವನೊಬ್ಬ ಇದ್ದ. ಕೆಟ್ಟವನಲ್ಲ. ಹೆತ್ತವ್ವ ಅಂದರೆ ಅವನಿಗೆ ಪ್ರಾಣ. ಆದರೆ ಅವನಿಗೊಂದು ಚಾಳಿ ಇತ್ತು. ಕೈಗೆ ಸಿಕ್ಕಿದ್ದು ಎಷ್ಟೇ ಚೆನ್ನಾಗಿರಲಿ, 'ಮುಂದೆ ಹೋದರೆ ಇದಕ್ಕಿಂತ ಚೆನ್ನಾಗಿರೋದು ಸಿಗುತ್ತೆ' ಅನ್ನುವವನು. ಸಂತೆಗೆ ಕುಂಬಳಕಾಯಿ ತರೋಕೆ ಹೋದರೆ ಮೊದಲ ಅಂಗಡಿಯ ಕಾಯಿ ನೋಡಿ ಮುಂದೆ ಹೋಗುತ್ತಿದ್ದ. ಇಡೀ ಸಂತೆ ಸುತ್ತಿ ವಾಪಸು ಬರುವಷ್ಟರಲ್ಲಿ ಆ ಕಾಯಿ ಇನ್ಯಾರದೋ ಚೀಲದಲ್ಲಿ ಇರುತ್ತಿತ್ತು. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ.

ಅವನ ತಾಯಿ ಚೌಡಮ್ಮ. ಮನೆಯ ಗೋಡೆ ತುಂಬ ಫೋಟೋಗಳಿದ್ದವು. ಮದುವೆಯದು, ನಾಮಕರಣದ್ದು, ಗಿರಣಿಯ ಪೂಜೆಯದು. ಯಾವುದರಲ್ಲೂ ಚೌಡಮ್ಮ ಇಲ್ಲ. ಮಗನ ಮದುವೆಯಲ್ಲಿ ಅನ್ನದ ಕೊಪ್ಪರಿಗೆ ಮುಂದೆ ನಿಂತಿದ್ದರು. ಮೊಮ್ಮಗಳ ನಾಮಕರಣದಲ್ಲಿ ಬಾಣಂತಿಗೆ ನೀರು ಕಾಯಿಸುತ್ತಿದ್ದರು. ಯಾರಾದರೂ ಕರೆದರೆ, "ನೀವು ತೆಗಿಸ್ಕೊಳಿ, ನಾ ಬಂದ್ರೆ ಸಾರು ಉಕ್ಕುತ್ತೆ" ಅನ್ನುತ್ತಿದ್ದರು. ಅಯ್ಯೋ, ಸಾರು ಉಕ್ಕಿದರೆ ಉಕ್ಕಲಿ ಬಾರವ್ವ ಅಂತ ಕೈ ಹಿಡಿದು ಎಳೆದವರು ಒಬ್ಬರೂ ಇರಲಿಲ್ಲ.

ಆ ವರ್ಷ ಯುಗಾದಿಯ ದಿನ ಬೇವು ಬೆಲ್ಲ ಹಂಚುತ್ತಾ ಚೌಡಮ್ಮ ತಾವಾಗಿಯೇ ಬಾಯಿಬಿಟ್ಟರು.

"ಮರಿ, ನನ್ನ ಮಂಡಿ ಹೋಯ್ತು. ಕಣ್ಣೂ ಮಬ್ಬಾಗ್ತಾ ಐತೆ. ನಿಮ್ಮೆಲ್ಲರ ಜೊತೆ ಒಂದೇ ಒಂದು ಫೋಟೋ ತೆಗಿಸ್ಕೋಬೇಕು ಕಣೋ."

"ನಾಳೇನೇ ತೆಗಿಸೋಣವ್ವ!" ಅಂದ ಮರೀಗೌಡ.

ನಾಳೆ ಅಂದರೆ ವರ್ಷದ ತೊಡಕು. ಆ ಸೀಮೆಯಲ್ಲಿ ಒಂದು ನಂಬಿಕೆ. ತೊಡಕಿನ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ. ಅದಕ್ಕೇ ಆ ದಿನ ಯಾರೂ ಅಳುವುದಿಲ್ಲ, ಜಗಳ ಕಾಯುವುದಿಲ್ಲ. ಎಲ್ಲರೂ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರೆ ವರ್ಷವೆಲ್ಲ ಒಟ್ಟಿಗೇ ಇರುತ್ತೇವೆ ಅಂತ ಮರೀಗೌಡನ ಲೆಕ್ಕ. ಹಬ್ಬಕ್ಕೆ ಮುಂಚೆಯೇ ಹದವಾದ ಮಳೆ ಬಿದ್ದು ಬೋರೆಯ ಮೇಲೆಲ್ಲ ಕಾಡುಹೂವು ಅರಳಿತ್ತು. ಬಿಳಿಯ ತುಂಬೆ, ಹಳದಿ, ನೇರಳೆ, ಹೆಸರೇ ಗೊತ್ತಿಲ್ಲದ ಎಷ್ಟೋ ಪುಟ್ಟ ಹೂವುಗಳು. ಫೋಟೋ ಅಲ್ಲೇ ಆಗಲಿ ಅಂತ ಮನೆಮಂದಿಯೆಲ್ಲ ಒಪ್ಪಿದರು.

ತೊಡಕಿನ ಬಾಡೂಟ ಮುಗಿಸಿ, ಬಿಸಿಲು ಇಳಿದ ಮೇಲೆ, ಮರೀಗೌಡ, ಅವನ ಹೆಂಡತಿ ಮಂಗಳ, ತಮ್ಮಂದಿರು, ಅವರ ಹೆಂಡಿರು ಮಕ್ಕಳು ಎಲ್ಲ ಟೆಂಪೋ ಹತ್ತಿ ಬೋರೆಗೆ ಹೊರಟರು. ಪೇಟೆಯ ಸ್ಟುಡಿಯೋದ ನಂಜುಂಡನೂ ಕ್ಯಾಮೆರಾ ಹೊತ್ತು ಬಂದ. ಚೌಡಮ್ಮನನ್ನು ಕೈ ಹಿಡಿದು ಇಳಿಸಿ, ರಸ್ತೆಯ ಪಕ್ಕದಲ್ಲೇ ಹೂವಿನ ನಡುವೆ ಇದ್ದ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂರಿಸಿದರು. ಆಕೆ ಪೆಟ್ಟಿಗೆಯಲ್ಲಿಟ್ಟಿದ್ದ ಕೆಂಪಂಚಿನ ಸೀರೆ ಉಟ್ಟಿದ್ದರು.

"ಅಜ್ಜಿ, ಕನ್ನಡಕದ ಮೇಲೆ ಬಿಸಿಲು ಹೊಳೀತಾ ಐತೆ, ತೆಗೆದುಬಿಡಿ" ಅಂದ ನಂಜುಂಡ. "ಆಮೇಲೆ ಒಂಚೂರೂ ಅಲ್ಲಾಡಬೇಡಿ. ಅಲ್ಲಾಡಿದ್ರೆ ಮುಖ ಕಲಸಿಹೋಗುತ್ತೆ."

ಚೌಡಮ್ಮ ಕನ್ನಡಕ ತೆಗೆದು ಸೊಸೆಯ ಕೈಗೆ ಕೊಟ್ಟರು. ಮಂಗಳ ಅದನ್ನು ಚೀಲಕ್ಕೆ ಹಾಕಿಕೊಂಡಳು. ಕನ್ನಡಕ ಇಲ್ಲದಿದ್ದರೆ ಆಕೆಗೆ ಮಾರು ದೂರದಲ್ಲಿ ನಿಂತಿರುವುದು ಮನುಷ್ಯನೋ ಮರವೋ ಗೊತ್ತಾಗುವುದಿಲ್ಲ.

ಎಲ್ಲರೂ ನಿಲ್ಲಬೇಕು, ಅಷ್ಟರಲ್ಲಿ ಅತ್ತ ಟೆಂಪೋ ಹತ್ತಿರವಿದ್ದ ಮರೀಗೌಡನ ಚಾಳಿ ಎದ್ದು ಕೂತಿತು.

"ಇಲ್ಲಿ ಹೂವು ತೆಳ್ಳಗಿದೆಯಲ್ಲೇ ಮಂಗಳ. ಮಧ್ಯೆ ಮಧ್ಯೆ ಮಣ್ಣು ಕಾಣುತ್ತೆ. ಅಗೋ, ಅಲ್ಲಿ ನೋಡು, ಹಾಸಿಗೆ ಹಾಸಿದ ಹಂಗೈತೆ! ಜಾಗ ನೋಡ್ಕೊಂಡು ಆಮೇಲೆ ಅವ್ವನ್ನ ಎತ್ಕೊಂಡು ಹೋದ್ರಾಯ್ತು."

ಎಲ್ಲರೂ ಹೊರಟರು. ಚೌಡಮ್ಮನಿಗೆ ಯಾರು ಹೇಳಿದರು? ಮಂಗಳ ಹೇಳಿರುತ್ತಾಳೆ ಅಂತ ಮರೀಗೌಡ ಅಂದುಕೊಂಡ. ಅವರೇ ಹೇಳಿರುತ್ತಾರೆ ಅಂತ ಮಂಗಳ ಅಂದುಕೊಂಡಳು. ಉಳಿದವರು ಅಷ್ಟು ಕೂಡ ಅಂದುಕೊಳ್ಳಲಿಲ್ಲ.

ಆ ಜಾಗಕ್ಕೆ ಹೋಗಿ ನೋಡಿದರೆ ಅಲ್ಲೂ ಅಷ್ಟೇ. ಎರಡು ಹೂವಿನ ಮಧ್ಯೆ ಮಣ್ಣು, ಕಲ್ಲು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಇಲ್ಲೇ ನಿಲ್ಲಿ ಅಂತ ನಂಜುಂಡ ಅಂದ. ಕ್ಯಾಮೆರಾಕ್ಕೆ ಕಣ್ಣಿಟ್ಟವನು ತಲೆ ಕೆರೆದುಕೊಂಡ.

"ಗೌಡ್ರೇ, ನಿಮ್ಮ ಹಿಂದುಗಡೆ ನೋಡಿ. ನೀವು ನಡ್ಕೊಂಡು ಬಂದ ಕಡೆ ಹೂವೆಲ್ಲ ಮಲಗಿಬಿಟ್ಟವೆ. ಫೋಟೋದಲ್ಲಿ ಅದೇ ಕಾಣುತ್ತೆ."

"ಹಂಗಾದ್ರೆ ಮುಂದೆ ಹೋಗೋಣ" ಅಂದ ಮರೀಗೌಡ.

ಮುಂದೆ ಹೋದರು, ತುಳಿದರು. ಇನ್ನೂ ಮುಂದೆ ಹೋದರು, ಇನ್ನೂ ತುಳಿದರು. ಎಲ್ಲಿ ನಿಂತರೂ ಬೆನ್ನ ಹಿಂದೆ ಅವರದೇ ಕಾಲು ಮಾಡಿದ ಹಾಳು. ಮಕ್ಕಳು ನೀರು ಬೇಕು ಅಂದವು. ತಮ್ಮ, "ಅಣ್ಣ, ಸಾಕು ಮಾಡು" ಅಂದ. "ನಿಂಗೇನೋ ಗೊತ್ತು?" ಅಂತ ಮರೀಗೌಡ ರೇಗಿದ. ತಮ್ಮನ ಹೆಂಡತಿ ಮುಖ ಊದಿಸಿಕೊಂಡಳು. ತೊಡಕಿನ ದಿನ ಜಗಳ ಆಡಬಾರದು ಅನ್ನುವುದು ಯಾರಿಗೂ ನೆನಪಾಗಲಿಲ್ಲ. ಹಾಗೆ ಕಚ್ಚಾಡುತ್ತಲೇ ಬೋರೆಯನ್ನು ಸುತ್ತು ಹೊಡೆದು ಅದರ ನೆತ್ತಿಗೆ ಬಂದರು. ಹೊತ್ತು ಮುಳುಗೋಕೆ ಬಂದಿತ್ತು.

ಆಗ ಮಂಗಳ ಕೂಗಿದಳು, "ರೀ, ಸಿಕ್ತು! ಅಲ್ಲಿ ಕೆಳಗೆ ನೋಡಿ. ಇಡೀ ಬೋರೇಲಿ ಅಂಥ ಜಾಗ ಇಲ್ಲ!"

ಎಲ್ಲರೂ ತಿರುಗಿ ನೋಡಿದರು. ಹೌದು, ಬಿಳಿ, ಹಳದಿ, ನೇರಳೆ ಒಂದಕ್ಕೊಂದು ಹೆಣೆದುಕೊಂಡು ಮಣ್ಣೇ ಕಾಣದಂತೆ ಅರಳಿದ್ದವು. ಒಂದು ಹೆಜ್ಜೆಯೂ ಬಿದ್ದ ಹಾಗೆ ಕಾಣಲಿಲ್ಲ. ಅದರ ನಡುವೆ ಕೆಂಪಗೆ ಏನೋ ಇತ್ತು.

"ಅದೇನದು ಕೆಂಪಗೆ?" ಅಂದ ಮರೀಗೌಡ.

ಅದು ಚೌಡಮ್ಮನ ಸೀರೆ.

ಮರೀಗೌಡ ಓಡಿದ. ಎಡವಿದ, ಬಿದ್ದ, ಎದ್ದು ಮತ್ತೆ ಓಡಿದ. ಉಳಿದವರು ಹಿಂದೆಯೇ ಓಡಿದರು. ಹತ್ತಿರ ಬಂದು ನೋಡಿದರೆ, ತಾಯಿ ಕೂರಿಸಿದ ಹಾಗೇ ಕೂತಿದ್ದರು. ಬೆನ್ನು ನೆಟ್ಟಗೆ, ಎರಡು ಕೈ ಮಂಡಿಯ ಮೇಲೆ. ಎದುರಿಗಿದ್ದ ಒಂದು ಲಂಟಾನ ಪೊದೆಯನ್ನು ನೋಡುತ್ತಾ ಮುಖದಲ್ಲಿ ನಗು ಹಿಡಿದುಕೊಂಡಿದ್ದರು. ತುಟಿ ಒಣಗಿತ್ತು.

"ಅವ್ವಾ..." ಅಂದ ಮರೀಗೌಡ.

ಚೌಡಮ್ಮ ತುಟಿ ಅಲ್ಲಾಡಿಸದೆಯೇ ಕೇಳಿದರು, "ಆಯ್ತೇನೋ ಮರಿ? ಈಗ ಅಲ್ಲಾಡಬಹುದಾ?"

ಮರೀಗೌಡ ಕಲ್ಲಿನ ಎದುರಿಗೆ ಬಂದು ನಿಂತ.

"ನಾನು ಒಂಚೂರೂ ಅಲ್ಲಾಡ್ಲಿಲ್ಲ ಕಣೋ" ಅಂದರು ಆಕೆ, ಕೈಯನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಾ. "ಇಷ್ಟೊತ್ತು ಆಗುತ್ತಾ ಫೋಟೋಗೆ ಅಂತ ಕೇಳೋಣ ಅಂದ್ಕೊಂಡೆ. ಕೇಳಿದ್ರೆ ಬಾಯಿ ಅಲ್ಲಾಡುತ್ತಲ್ಲ, ಮುಖ ಕಲಸಿಹೋದ್ರೆ ಅಂತ ಸುಮ್ಕಾದೆ. ನೀವೆಲ್ಲ ನನ್ನ ಹಿಂದೆ ಸದ್ದಿಲ್ದೆ ನಿಂತಿದ್ದೀರಿ ಅಂದ್ಕೊಂಡೆ. ಪರವಾಗಿಲ್ಲ, ನನ್ನ ಮಕ್ಳು ಎಷ್ಟು ಚೆನ್ನಾಗಿ ನಿಂತವ್ರೆ, ಒಬ್ಬರೂ ಕಿತಾಪತಿ ಮಾಡ್ತಿಲ್ಲ ಅಂತ ಒಳಗೊಳಗೇ ಖುಷಿ ಆಯ್ತು."

ಮರೀಗೌಡ ಮಣ್ಣಿನ ಮೇಲೆ ಕುಸಿದು ಕೂತು, ತಾಯಿಯ ಮಂಡಿಗೆ ಹಣೆ ಒತ್ತಿ ಗೊಳೋ ಅಂತ ಅತ್ತುಬಿಟ್ಟ. ಮಂಗಳ ಚೀಲದಿಂದ ಕನ್ನಡಕ ತೆಗೆದು ಅತ್ತೆಗೆ ಹಾಕಿದಳು, ನೀರು ಕುಡಿಸಿದಳು. ಚೌಡಮ್ಮ ಒಬ್ಬೊಬ್ಬರ ಮುಖ ನೋಡಿದರು. ಬೋರೆಯ ಉದ್ದಕ್ಕೂ ಮಲಗಿದ್ದ ಹೂವಿನ ದಾರಿ ನೋಡಿದರು. ಆಗ ಅವರಿಗೆ ಎಲ್ಲ ತಿಳಿಯಿತು. ಒಂದು ಗಳಿಗೆ ಆಕೆಯ ಮುಖ ಬಾಡಿತು. ಆಮೇಲೆ ಮಗನ ತಲೆಗೆ ಒಂದು ಮೊಟಕಿದರು.

"ಥೂ, ಏಳೋ! ತೊಡಕಿನ ದಿನ ಯಾರಾದ್ರೂ ಅಳ್ತಾರಾ? ವರ್ಷವೆಲ್ಲ ಅಳ್ತಾ ಕೂರ್ತೀಯಾ?"

"ಅಳ್ತೀನಿ ಬಿಡವ್ವ" ಅಂದ ಮರೀಗೌಡ. "ವರ್ಷವೆಲ್ಲ ನಿನ್ನ ಒಬ್ಬಳನ್ನೇ ಬಿಟ್ಟು ಹೋಗೋದಕ್ಕಿಂತ ಅದೇ ವಾಸಿ."

ಬೆಳಕು ಹೋಗಿತ್ತು. "ಇನ್ನು ಹೂವು ಬರಲ್ಲ ಗೌಡ್ರೇ" ಅಂದ ನಂಜುಂಡ. "ಹೂವು ಯಾರಿಗೆ ಬೇಕಯ್ಯ, ತೆಗಿ" ಅಂದ ಮರೀಗೌಡ. ಎಲ್ಲರೂ ಕಲ್ಲಿನ ಸುತ್ತ ಒತ್ತಿಕೊಂಡು ನಿಂತರು. ನಂಜುಂಡ ಫ್ಲ್ಯಾಶ್ ಹಾಕಿ ಒಂದೇ ಒಂದು ಫೋಟೋ ತೆಗೆದ.

ಆ ಫೋಟೋ ಈಗಲೂ ಅವರ ನಡುಮನೆಯಲ್ಲಿದೆ. ಮುಖಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಮರೀಗೌಡನ ಕಣ್ಣು ಊದಿಕೊಂಡಿದೆ, ಮಂಗಳನ ಸೆರಗಿಗೆ ಮುಳ್ಳು ಅಂಟಿದೆ. ಹಿಂದೆ ಬರೀ ಕತ್ತಲು. ಬೋರೆ ಮೇಲಿನ ಫೋಟೋ ಅಂದ್ರಲ್ಲ, ಹೂವು ಎಲ್ಲಿ ಅಂತ ಬಂದವರು ಕೇಳುತ್ತಾರೆ.

ಚೌಡಮ್ಮ ಕನ್ನಡಕ ಸರಿಮಾಡಿಕೊಂಡು ಹೇಳುತ್ತಾರೆ, "ಹೂವು ಬೋರೆ ಮೇಲವೆ, ಹೋಗಿ ನೋಡ್ಕೊಳ್ಳಿ. ಇದರಲ್ಲಿ ನಾನಿದ್ದೀನಿ."

ನೀತಿ: ಯಾರ ಸಂತೋಷಕ್ಕೆ ಅಂತ ಹೊರಟಿದ್ದೀರೋ, ಹುಡುಕುವ ಭರದಲ್ಲಿ ಅವರನ್ನೇ ಹಿಂದೆ ಬಿಟ್ಟು ಹೋಗಬೇಡಿ. ಇನ್ನೂ ಚೆನ್ನಾಗಿರೋದು ಮುಂದಿದೆ ಅಂತ ಓಡುವವರು, ಇರುವ ಚೆನ್ನಾದದ್ದನ್ನು ತಮ್ಮ ಕಾಲಿಂದಲೇ ತುಳಿಯುತ್ತಾರೆ. ಇದನ್ನು ಓದಿ ಮುಗಿಸಿದ ಮೇಲೆ, ನಿಮ್ಮ ಮನೆಯ ಗೋಡೆಯ ಮೇಲೆ ಯಾರ ಮುಖ ಇಲ್ಲ ಅಂತ ಒಮ್ಮೆ ಎದ್ದು ನೋಡಿ.